ದಿಮೀತ್ರಿಸ್: ಧಾನ್ಯದ ತಾಯಿಗೆ ಸೇರಿದವನು

ತಂಗೀ, ಗ್ರೀಸಿನ ಥೆಸಲೋನಿಕಿಗೆ ಬಂದು ಒಂದೂವರೆ ತಿಂಗಳಾಯ್ತು, ಆಫೀಸಿನಲ್ಲಿ ಮೂವರು ದಿಮೀತ್ರಿಸ್, ಮನೆ ಮಾಲೀಕರೂ ದಿಮೀತ್ರಿಸ್, ಅಕ್ಟೋಬರ್ 26 ನಮ್ಮ ಹೆಸರಿನ ಹಬ್ಬ ಅಂತ ಎಲ್ಲರೂ ಹೇಳುತ್ತಿದ್ದಾರೆ ಅಂತ ಬರೆದಿದ್ದೀಯ. ಈ ಹೆಸರಿಗೆ ಅರ್ಥ ಏನು, ಅವತ್ತು ನಾನೇನು ಮಾಡಬೇಕು ಅಂತ ಕೇಳಿದ್ದೀಯ. ಒಳ್ಳೆ ಪ್ರಶ್ನೆ. ಈ ಊರಿನ ಅರ್ಧ ಕಥೆ ಆ ಹೆಸರಲ್ಲೇ ಇದೆ.

ದಿಮೀತ್ರಿಸ್ ಅಂದರೆ ದಿಮಿತ್ರಾ ದೇವಿಗೆ ಸೇರಿದವನು. ಇಂಗ್ಲಿಷ್ ಪುಸ್ತಕಗಳಲ್ಲಿ ಡಿಮೀಟರ್ ಅಂತ ಓದಿರುತ್ತೀಯ, ಅವಳೇ. ಹೆಸರಿನ ಕೊನೆಯಲ್ಲಿ ಇರೋದು ತಾಯಿ ಅನ್ನುವ ಪದ, ನಮ್ಮ ‘ಮಾತೃ’ವಿನ ನೆಂಟ. ಮೊದಲಲ್ಲಿರೋದು ಭೂಮಿಯೋ ಧಾನ್ಯವೋ ಅಂತ ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ನನಗೆ ಎರಡೂ ಒಪ್ಪಿಗೆ. ಬೆಳೆ ಕೊಡುವ ಅಮ್ಮ ಅವಳು.

ಏಥೆನ್ಸ್ ಹತ್ತಿರದ ಎಲೆಫ್ಸಿನಾದಲ್ಲಿ ಅವಳ ದೊಡ್ಡ ಗುಡಿಯಿತ್ತು. ಕ್ರೈಸ್ತ ಧರ್ಮ ಬಂದ ಮೇಲೆ ನಾಲ್ಕನೇ ಶತಮಾನದ ಕೊನೆಗೆ ಅಲ್ಲಿನ ಪೂಜೆ ನಿಂತುಹೋಯಿತು. ಆದರೆ ರೈತರು ಅಷ್ಟು ಸುಲಭಕ್ಕೆ ಬಿಡ್ತಾರಾ? ಊರಿನ ಕಣದ ಹತ್ತಿರ ಒಂದು ಹಳೆ ಕಲ್ಲಿನ ಮೂರ್ತಿ ಉಳಿದಿತ್ತು. ಅದರ ಸುತ್ತ ಕುತ್ತಿಗೆವರೆಗೂ ಗೊಬ್ಬರ ಪೇರಿಸಿ, ಹಬ್ಬದ ದಿನ ಮುಂದೆ ದೀಪ ಹಚ್ಚುತ್ತಿದ್ದರು. ಈ ತಾಯಿ ಇದ್ದರೇನೇ ನಮಗೆ ಬೆಳೆ ಅನ್ನೋ ನಂಬಿಕೆ. 1801ರಲ್ಲಿ ಎಡ್ವರ್ಡ್ ಕ್ಲಾರ್ಕ್ ಅನ್ನುವ ಇಂಗ್ಲಿಷ್ ಪ್ರವಾಸಿ ಆಗ ಗ್ರೀಸನ್ನು ಆಳುತ್ತಿದ್ದ ಆಟೊಮನ್ ತುರ್ಕರ ಅಧಿಕಾರಿಯ ಅಪ್ಪಣೆ ತಂದು ಅದನ್ನು ಎತ್ತಿಸಿಕೊಂಡು ಹೋದ. ಜನ ಬೇಡ ಬೇಡ ಅಂದರು. ಮೂರ್ತಿ ಹೊತ್ತ ಹಡಗು ಇಂಗ್ಲೆಂಡ್ ತೀರದಲ್ಲಿ ಮುಳುಗಿತು. ಆದರೆ ಮೂರ್ತಿಯನ್ನು ಮೇಲೆತ್ತಿದರು. ಈಗ ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅದು ದೇವಿಯ ಮೂರ್ತಿಯೇ ಅಲ್ಲ, ಗುಡಿಯ ಬಾಗಿಲಲ್ಲಿ ಕಂಬದ ಬದಲು ನಿಲ್ಲಿಸಿದ ಹೆಣ್ಣಿನ ರೂಪ ಅಂತ ತಿಳಿದವರು ಹೇಳುತ್ತಾರೆ. ಇರಬಹುದು. ದೀಪ ಹಚ್ಚಿದವರಿಗೆ ಅವಳು ಅಮ್ಮನೇ ಆಗಿದ್ದಳು, ಅಲ್ವಾ? ಈ ಕಥೆ ನೆನೆದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ದೇವಿ ಹೋದರೂ ಹೆಸರು ಉಳಿಯಿತು. ಅದಕ್ಕಿಂತ ಮುಂಚೆ ಅದು ರಾಜರ ಹೆಸರೂ ಆಗಿತ್ತು. ಈಗಿನ ಅಫ್ಘಾನಿಸ್ತಾನದ ಕಡೆಯ ಬ್ಯಾಕ್ಟ್ರಿಯಾದಿಂದ ಹಿಂದೂಕುಷ್ ದಾಟಿ ನಮ್ಮ ಕಡೆ ಬಂದ ಗ್ರೀಕ್ ರಾಜ ದಿಮೀತ್ರಿಯಸ್ ತನ್ನ ನಾಣ್ಯದಲ್ಲಿ ಆನೆಯ ತಲೆಯ ಆಕಾರದ ಟೊಪ್ಪಿಗೆ ತೊಟ್ಟಿದ್ದಾನೆ. ಆದರೆ ಇವತ್ತು ಇಲ್ಲಿ ಮಕ್ಕಳಿಗೆ ಈ ಹೆಸರು ಇಡೋದು ರಾಜರ ನೆನಪಿಗಲ್ಲ, ಸಂತ ದಿಮೀತ್ರಿಯೋಸ್ ನೆನಪಿಗೆ. ಅಕ್ಟೋಬರ್ 26 ಆತನ ಹಬ್ಬ, ಆತನ ಹೆಸರಿಟ್ಟುಕೊಂಡವರಿಗೆಲ್ಲ ಹೆಸರಿನ ಹಬ್ಬ. ಆತ ಇದೇ ಊರಿನ ಸೈನಿಕ. ಕ್ರೈಸ್ತನಾಗಿದ್ದಕ್ಕೆ ಸುಮಾರು 306ರಲ್ಲಿ ಈಟಿಯಿಂದ ತಿವಿದು ಕೊಂದರು ಅಂತ ಇಲ್ಲಿನವರ ನಂಬಿಕೆ. ಹಳೆ ರೋಮನ್ ಸ್ನಾನಗೃಹದ ಮೇಲೆ ಅವನ ಗುಡಿ ಎದ್ದಿತು. 1917ರ ದೊಡ್ಡ ಬೆಂಕಿಯಲ್ಲಿ ಅದು ಸುಟ್ಟುಹೋಗಿ, ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ 1940ರ ದಶಕದ ಕೊನೆಯಾಗಿತ್ತು. ಚಿತ್ರಗಳಲ್ಲಿ ಕೆಂಪು ಕುದುರೆ ಮೇಲೆ ಕೂತವನು ಇವನು. ಬಿಳಿ ಕುದುರೆಯವನು ಸಂತ ಯೋರ್ಗೋಸ್, ಅಂದರೆ ಸೇಂಟ್ ಜಾರ್ಜ್. 1430ರಿಂದ ಆಟೊಮನ್ನರ ಕೈಯಲ್ಲಿದ್ದ ಈ ಊರು ಗ್ರೀಕರಿಗೆ ಮರಳಿ ಸಿಕ್ಕಿದ್ದೂ ಆಗ ಬಳಕೆಯಲ್ಲಿದ್ದ ಹಳೆ ಜೂಲಿಯನ್ ಪಂಚಾಂಗದ ಪ್ರಕಾರ 1912ರ ಅಕ್ಟೋಬರ್ 26ರಂದೇ. ಈಗ ಗೊತ್ತಾಯ್ತಲ್ಲ, ಯಾಕೆ ಇಷ್ಟೊಂದು ಜನ ದಿಮೀತ್ರಿಸ್ ಅಂತ?

ಇನ್ನೊಂದು ಕಾರಣ ನಮ್ಮದೇ ಪದ್ಧತಿ ಥರ. ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು. ಹಾಗಾಗಿ ಅಣ್ಣತಮ್ಮಂದಿರ ಮೊದಲ ಗಂಡುಮಕ್ಕಳೆಲ್ಲ ಒಂದೇ ಹೆಸರಿನವರು. ಅದಕ್ಕೇ ಕರೆಯೋದಕ್ಕೆ ಅದೇ ಹೆಸರಿನ ಬೇರೆ ಬೇರೆ ರೂಪ: ಒಬ್ಬ ಮಿತ್ಸೋಸ್, ಒಬ್ಬ ಮಿಮಿಸ್, ಒಬ್ಬ ದಿಮಿತ್ರಾಕಿಸ್.

ರೈತರಿಗಂತೂ ಈ ದಿನ ವರ್ಷದ ಗಡಿ. ಕುರಿಗಾಹಿಗಳ ಕರಾರು ಏಪ್ರಿಲ್ 23ರ ಯೋರ್ಗೋಸ್ ಹಬ್ಬದಿಂದ ಅಕ್ಟೋಬರ್ 26ರವರೆಗೆ ಇರುತ್ತಿತ್ತು. ಬೆಟ್ಟದಿಂದ ಮಂದೆ ಇಳಿಯುತ್ತದೆ, ಹೊಸ ವೈನ್ ಪೀಪಾಯಿ ತೆರೆಯುತ್ತಾರೆ, ಗೋಧಿ ಬಿತ್ತನೆ ಶುರು. ಆಗ ಅರಳುವ ಸೇವಂತಿಗೆಗೂ ಸಂತನದೇ ಹೆಸರು. ನಾನು ತೀರ್ಥಹಳ್ಳಿ ಕಡೆಯವಳು. ಹೆಚ್ಚುಕಮ್ಮಿ ಅದೇ ದಿನಗಳಲ್ಲಿ ನಮ್ಮಲ್ಲಿ ಭೂಮಿ ಹುಣ್ಣಿಮೆ. ಅಜ್ಜಿ ನಸುಕಿನಲ್ಲಿ ಎದ್ದು ಬಸುರಿ ಭೂಮಿತಾಯಿಗೆ ಬಯಕೆ ಊಟ ಮಾಡುತ್ತಿದ್ದರು, ಅಪ್ಪ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಿದ್ದರು. ಅಲ್ಲಿ ಪೈರು ಹೊಡೆ ತುಂಬುವ ಹೊತ್ತು, ಇಲ್ಲಿ ಬೀಜ ಮಣ್ಣಿಗೆ ಬೀಳುವ ಹೊತ್ತು. ಮೊದಲ ಕೆಲವು ವರ್ಷ ಊರು ಜಾಸ್ತಿ ನೆನಪಾಗುತ್ತಿದ್ದದ್ದು ಈ ದಿನಗಳಲ್ಲೇ.

ಈಗ ನೀನು ಮಾಡಬೇಕಾದ್ದು. ಹೆಸರಿನ ಹಬ್ಬಕ್ಕೆ ಯಾರೂ ಕರೆಯೋದಿಲ್ಲ, ಕರೆಯಲಿ ಅಂತ ಕಾಯಬೇಡ. ನಮ್ಮಲ್ಲಿ ಕುಂಕುಮ ಕೊಟ್ಟು ಕರೆದರೆ ತಾನೇ ಹೋಗೋದು. ನಾನೂ ಮೊದಲ ವರ್ಷ ಹಾಗೇ ಮನೆಯಲ್ಲೇ ಕೂತಿದ್ದೆ. ಕೆಳಗಿನ ಮನೆಯ ದಿಮೀತ್ರಿಸ್ ಅಜ್ಜ ಸಂಜೆಯೆಲ್ಲ ಬಾಗಿಲು ತೆರೆದಿಟ್ಟಿದ್ದರು. ಮರುದಿನ ಅವರ ಹೆಂಡತಿ ಒಂದು ತಟ್ಟೆ ಸಿಹಿ ಹಿಡಿದು ಮೇಲೆ ಬಂದು, ‘ಯಾಕೆ ಬರಲಿಲ್ಲ, ನಮ್ಮಿಂದ ಏನಾದರೂ ತಪ್ಪಾಯ್ತಾ?’ ಅಂತ ಕೇಳಿದರು. ಆ ಮುಖ ಇನ್ನೂ ಕಣ್ಣ ಮುಂದಿದೆ. ಆಮೇಲೆ ಅವರು ಇರೋವರೆಗೂ ಒಂದು ವರ್ಷವೂ ತಪ್ಪಿಸಲಿಲ್ಲ.

ಒಂದು ಡಬ್ಬ ಸಿಹಿ ತಗೊಂಡು ಸಂಜೆ ಮಾಲೀಕರ ಮನೆಗೆ ಸುಮ್ನೆ ಹೋಗು. ‘ಖ್ರೋನಿಯಾ ಪೊಲ್ಲಾ’ ಅನ್ನು, ಬಹಳ ವರ್ಷ ಬಾಳಿ ಅಂತ. ಕರೆಯುವಾಗ ಕೊನೆಯ ‘ಸ್’ ಬಿಟ್ಟುಬಿಡು: ‘ಕಿರಿಯೆ ದಿಮೀತ್ರಿ’. ದಿಮೀತ್ರಿ ಅವರೇ ಅಂದ ಹಾಗೆ. ‘ಮೀ’ ಮೇಲೆ ಒತ್ತು ಇರಲಿ. ಆಫೀಸಿನ ಮೂವರು ರಜೆ ಮುಗಿಸಿ ಸಿಹಿ ತಂದಾಗ ಬೇಡ ಅನ್ನಬೇಡ. ಅವತ್ತು ಕೊಡಬೇಕಾದವರು ಅವರೇ, ತಗೊಳ್ಳಬೇಕಾದವಳು ನೀನು.

26ರ ಬೆಳಿಗ್ಗೆ ನಾನು ಗುಡಿಗೆ ಹೋಗುತ್ತೇನೆ. ಜನ ಜಾಸ್ತಿ ಇರ್ತಾರೆ. ಎಂಟು ಗಂಟೆಗೆ ಮುಂಬಾಗಿಲ ಹತ್ತಿರ ನಿಂತಿರ್ತೀನಿ, ಬಾ.