ಅಮ್ಮನಿಗೆ ಊಟ ಸೇರ್ತಿಲ್ಲ ಅಂತ ಬಂದವರು

"ಅಮ್ಮನಿಗೆ ಊಟ ಸೇರ್ತಿಲ್ಲ ಮೇಡಂ. ಯಾರ ಹತ್ರನೂ ಮಾತಾಡಲ್ಲ. ಡಿಪ್ರೆಶನ್ ಇರಬಹುದು."

ವಯಸ್ಸಾದ ತಂದೆತಾಯಿಯನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬರುವ ಬೆಂಗಳೂರಿನ ಮಕ್ಕಳ ಬಾಯಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ. ಕೆಲವು ಸಲ ಅವರ ಅನುಮಾನ ನಿಜವೇ ಆಗಿರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ವಿಷಯ ಬೇರೆ ಇರುತ್ತದೆ. ಅಂಥ ಒಂದು ಪ್ರಕರಣ ಇದು. ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಬದಲಾಯಿಸಿದ್ದೇನೆ.

ಸರೋಜಮ್ಮನವರಿಗೆ ಎಪ್ಪತ್ತು ದಾಟಿದೆ. ಹಾಸನದ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿರುವ ಮಗನ ಮನೆಗೆ ಬಂದರು. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಒಂದು ಸಲ ಅಡುಗೆಮನೆಯಲ್ಲಿ ಜಾರಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಅವತ್ತಿನಿಂದ ಮನೆಯಲ್ಲಿ ಅವರಿಗೆ ಒಂದು ಕಡ್ಡಿ ಎತ್ತಿಡುವ ಕೆಲಸವೂ ಇಲ್ಲ. ಕಾಫಿ ಕೂತಲ್ಲಿಗೇ ಬರುತ್ತದೆ. ಸೊಪ್ಪು ಬಿಡಿಸಲು ಕೂತರೆ "ಬಿಡಿ ಅತ್ತೆ, ಕೆಲಸದವಳು ಮಾಡ್ತಾಳೆ" ಅನ್ನುತ್ತಾರೆ. ಸಂಜೆ ಮಾತ್ರ ಲಿಫ್ಟಿನಲ್ಲಿ ಇಳಿದು ಕೆಳಗಿನ ಬೆಂಚಿನ ಮೇಲೆ ಅರ್ಧ ಗಂಟೆ.

ಮಗ ಒಂದು ಫೈಲು ತಂದಿದ್ದರು. ಅಮ್ಮನ ಸಕ್ಕರೆ, ಬಿಪಿ, ತೂಕ ಎಲ್ಲವನ್ನೂ ದಿನಾಂಕದ ಸಮೇತ ಬರೆದಿಟ್ಟಿದ್ದಾರೆ. ನೋಡಿದರೆ ಗೌರವ ಬರುವಂಥ ಅಚ್ಚುಕಟ್ಟು. "ಐದು ಕೆಜಿ ಇಳಿದಿದ್ದಾರೆ. ಸಕ್ಕರೆ ಮಾತ್ರ ಚೆನ್ನಾಗಿ ಕಂಟ್ರೋಲಲ್ಲಿದೆ" ಎಂದರು. ರಾತ್ರಿ ಊಟ ಒಂದು ಫುಲ್ಕಾ, ಒಂದು ಸೌಟು ತಿಳಿಸಾರು. ಎಷ್ಟೋ ದಿನ ಅದೂ ಇಲ್ಲ. ನೀರು ಕುಡಿಯುವುದೂ ಕಮ್ಮಿ.

ಮೊದಲೆರಡು ಭೇಟಿಗಳಲ್ಲಿ ಸರೋಜಮ್ಮ ಹೆಚ್ಚು ಮಾತಾಡಲಿಲ್ಲ. "ಏನಿಲ್ಲ ಕಣಮ್ಮ, ಚೆನ್ನಾಗೇ ಇದ್ದೀನಿ" ಅಷ್ಟೇ. ಮೂರನೆಯದರಲ್ಲಿ, ಮಾತು ಮುಗಿದು ಏಳುವ ಹೊತ್ತಿಗೆ, ಒಂದು ವಿಷಯ ಕಣ್ಣಿಗೆ ಬಿತ್ತು.

ನಮ್ಮ ಕುರ್ಚಿಗಳಿಗೆ ಕೈ ಇಲ್ಲ. ಸರೋಜಮ್ಮ ಮುಂದಕ್ಕೆ ಸರಿದು ಕೂತರು. ಎರಡೂ ಕೈ ತೊಡೆಯ ಮೇಲೆ ಊರಿದರು. ಒಮ್ಮೆ ಹಿಂದೆ ಮುಂದೆ ತೂಗಿ ಏಳಲು ನೋಡಿದರು, ಮತ್ತೆ ಕುಕ್ಕರಿಸಿದರು. ಕೂಡಲೇ ನೆರಿಗೆ ಸರಿಮಾಡಿಕೊಳ್ಳತೊಡಗಿದರು, ಏಳದೇ ಇದ್ದದ್ದು ಸೀರೆಗಾಗಿ ಅನ್ನೋ ಹಾಗೆ. ಅಷ್ಟರಲ್ಲಿ ಮಗ ಬಂದು ತೋಳು ಹಿಡಿದು ಎಬ್ಬಿಸಿಬಿಟ್ಟರು. ಮಗನ ಕೈ ತಗುಲಿದಾಗ ಆ ಮುಖದ ಮೇಲೆ ಬಂದ ಸಂಕೋಚ ನನಗೆ ಕಂಡಿತು.

ಮಗನಿಗೆ ಸ್ವಲ್ಪ ಹೊರಗೆ ಕೂರಲು ಹೇಳಿದೆ. ಸೊಸೆ ಉಳಿದರು. "ಅಮ್ಮಾ, ಬಾತ್‌ರೂಮಿನಲ್ಲಿ ಏಳೋದು ಹೇಗೆ?" ಅಂತ ನೇರವಾಗಿ ಕೇಳಿದೆ.

ಸುಮಾರು ಹೊತ್ತು ಸೊಸೆಯ ಮುಖ ನೋಡಿದರು. ಆಮೇಲೆ ಹೇಳಿದರು: "ಸಾಯೋಕೆ ನಂಗೇನೂ ಭಯ ಇಲ್ಲಮ್ಮ. ರಾತ್ರಿ ಹೊತ್ತು ಅಲ್ಲಿಂದ ಏಳಕ್ಕಾಗದೆ ಮಗನ್ನ ಕೂಗೋ ಹಾಗಾದ್ರೆ ಏನ್ ಮಾಡ್ಲಿ? ಅದಕ್ಕೇ ಸಂಜೆ ಮೇಲೆ ಜಾಸ್ತಿ ಏನೂ ತಗೊಳ್ಳಲ್ಲ."

ಸೊಸೆ ತಟ್ಟನೆ ಕೇಳಿದರು: "ಅದಕ್ಕೇನಾ ಅತ್ತೆ, ಆ ನಲ್ಲಿ ಯಾವಾಗ್ಲೂ ಅಲ್ಲಾಡೋದು?"

ಕಮೋಡ್ ಪಕ್ಕದ ಗೋಡೆಯಲ್ಲಿ ಒಂದು ನಲ್ಲಿ. ಅದನ್ನು ಹಿಡಿದು ಎಳೆದುಕೊಂಡು ಸರೋಜಮ್ಮ ಏಳುತ್ತಿದ್ದರು. ಪದೇ ಪದೇ ಸಡಿಲವಾಗುತ್ತಿತ್ತು. ಪ್ಲಂಬರ್ ಬಂದು ಬಿಗಿಮಾಡಿ, ದುಡ್ಡು ತಗೊಂಡು ಹೋಗುತ್ತಿದ್ದ. ಅದು ಯಾಕೆ ಸಡಿಲವಾಗುತ್ತೆ ಅಂತ ಯಾರೂ ಯೋಚಿಸಿರಲಿಲ್ಲ.

ಸರೋಜಮ್ಮನ ಒಪ್ಪಿಗೆ ಪಡೆದು ವಿಷಯವನ್ನು ಮಗನಿಗೆ ತಿಳಿಸಿದೆವು. ನಾನು ಕೊಟ್ಟ ಸಲಹೆ ಕೇಳಿ ಅವರಿಗೆ ಸಿಟ್ಟೇ ಬಂತು. "ಕೌನ್ಸೆಲಿಂಗ್‌ಗೆ ಅಂತ ಕರ್ಕೊಂಡು ಬಂದ್ರೆ ಅಮ್ಮನ ಕೈಲಿ ಬಸ್ಕಿ ಹೊಡಿಸ್ತೀರಾ?" ಎಂದರು. ಹೌದು, ಹೆಚ್ಚುಕಡಿಮೆ ಅದೇ. ಯಾಕೆ ಅಂತ ಇಲ್ಲಿ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಈ ಪ್ರಶ್ನೆ ಅವರೊಬ್ಬರದಲ್ಲ.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ವಯಸ್ಸಾದವರ ತೂಕ ತಾನಾಗೇ ಇಳಿಯುತ್ತಿದ್ದರೆ ಅದು ಖುಷಿಪಡುವ ಸಂಗತಿ ಅಲ್ಲ, ಕಾರಣ ಹುಡುಕಲೇಬೇಕು. ಇನ್ನೊಂದು, ಸಕ್ಕರೆಯ ಕೆಲವು ಮಾತ್ರೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಅವರು ಹಿಂದೆ ಜಾರಿಬಿದ್ದದ್ದೂ ಹಾಗೇ ಇರಬಹುದಾ ಅಂತ ಡಾಕ್ಟರನ್ನು ಕೇಳಲು ಹೇಳಿದೆ.

ಆಮೇಲಿನದು ಕಾಲಿನ ಬಲ. ವಯಸ್ಸಾದ ಹಾಗೆ ಮಾಂಸಖಂಡ ಕರಗುತ್ತದೆ, ಸುಮ್ಮನೆ ಕೂತವರಲ್ಲಿ ಇನ್ನೂ ಬೇಗ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಎರಡು ಪಟ್ಟು ನಷ್ಟ. ಯಾಕೆಂದರೆ ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದೇ ಮಾಂಸಖಂಡ. ಸರೋಜಮ್ಮ ಕಳೆದುಕೊಂಡ ಐದು ಕೆಜಿಯಲ್ಲಿ ಬರೀ ಕೊಬ್ಬಷ್ಟೇ ಹೋಯಿತು ಅಂತ ಫೈಲು ನೋಡಿ ಹೇಳೋಕಾಗುತ್ತಾ?

"ಈ ವಯಸ್ಸಲ್ಲಿ ಬಲ ವಾಪಸ್ ಬರುತ್ತಾ?" ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಬರುತ್ತದೆ. 1990ರಲ್ಲಿ ಬಾಸ್ಟನ್‌ನಲ್ಲಿ ಮಾರಿಯಾ ಫಿಯಾಟಾರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ವಯಸ್ಸು 86ರಿಂದ 96. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಅದೇ ತಂಡ 1994ರಲ್ಲಿ ನೂರು ಜನರ ಮೇಲೆ ಇನ್ನೊಂದು ಅಧ್ಯಯನ ಮಾಡಿತು. ವ್ಯಾಯಾಮ ಇಲ್ಲದೆ ಪೌಷ್ಟಿಕ ಪೇಯ ಮಾತ್ರ ಕುಡಿದವರಲ್ಲಿ ಬಲ ಹೆಚ್ಚಲಿಲ್ಲ. ಅಮ್ಮನಿಗೆ ಡಬ್ಬದ ಪುಡಿ ತಂದುಕೊಟ್ಟು ಕರ್ತವ್ಯ ಮುಗಿಯಿತು ಅಂದುಕೊಳ್ಳುವವರಿಗೆ ಈ ಎರಡನೆಯದನ್ನು ತಪ್ಪದೆ ಹೇಳುತ್ತೇನೆ.

ವಾಕಿಂಗ್ ಒಳ್ಳೆಯದೇ. ಆದರೆ ಅದೊಂದೇ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ, ಎರಡು ದಿನ ಮಾಂಸಖಂಡಕ್ಕೆ ಕೆಲಸ, ಮೂರು ದಿನ ಆಯ ತಪ್ಪದಂತೆ ನಿಲ್ಲುವ ಅಭ್ಯಾಸ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಮ್ಮ ಪಾರ್ಕುಗಳಲ್ಲಿ ಬೆಳಿಗ್ಗೆ ಸುತ್ತು ಹೊಡೆಯುವ ಹಿರಿಯರು ಬೇಕಾದಷ್ಟು ಜನ. ಕೊನೆಯ ಎರಡನ್ನು ಮಾಡುವವರು ಎಷ್ಟು ಮಂದಿ?

ಬೀಳುವ ಭಯಕ್ಕೂ ಉತ್ತರ ಕೂರಿಸಿಡುವುದಲ್ಲ. ಮನೆಯಲ್ಲೇ ಇರುವ ಹಿರಿಯರ ಮೇಲೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ಒಟ್ಟಿಗೆ ನೋಡಿತು. ವ್ಯಾಯಾಮ ಮಾಡಿದವರು ಬೀಳುವುದು 23 ಶೇಕಡಾ ಕಡಿಮೆಯಾಗಿತ್ತು.

ಹಾಗಾಗಿ ಹೇಳಿದ್ದು ಇಷ್ಟು. ಕಮೋಡ್ ಪಕ್ಕ ಗಟ್ಟಿಯಾದ ಹಿಡಿ ಹಾಕಿಸಿ, ಇವತ್ತೇ. ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಶುರುಮಾಡಿ. ಮೊದಲು ಕುರ್ಚಿ ಮೇಲೆ ದಿಂಬು ಇರಲಿ, ಬಲ ಬಂದ ಹಾಗೆ ತೆಗೆಯಿರಿ. ಅವರು ಏಳುವಾಗ ಪಕ್ಕದಲ್ಲಿ ನಿಲ್ಲಿ, ಆದರೆ ಎತ್ತಬೇಡಿ.

ಊಟದ ಬಗ್ಗೆಯೂ ಮಾತಾಯಿತು. ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ಒಂದು ಅಂತರರಾಷ್ಟ್ರೀಯ ತಜ್ಞರ ಗುಂಪು ಹೇಳಿತು. ತಿಳಿಸಾರಿನಲ್ಲಿ ಅದು ಎಲ್ಲಿಂದ ಬರಬೇಕು? ಒಂದು ಹಿಡಿ ಬೇಳೆಯಲ್ಲಿ, ಒಂದು ಲೋಟ ಹಾಲಿನಲ್ಲಿ, ಒಂದು ಮೊಟ್ಟೆಯಲ್ಲಿ ತಲಾ ಆರೇಳು ಗ್ರಾಂ ಸಿಗುತ್ತದೆ. "ನಮ್ಮಲ್ಲಿ ಮೊಟ್ಟೆ ಇಲ್ಲ" ಎಂದರು. ಬೇಡ ಬಿಡಿ, ಹುರುಳಿಕಾಳು ಹಾಸನದವರಿಗೆ ಹೊಸದೇ? ಬಸ್ಸಾರಿನ ಕಾಳುಪಲ್ಯ, ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು, ಮುದ್ದೆ ಅಂದಾಗ ಸರೋಜಮ್ಮನ ಮುಖ ಅರಳಿತು. ಮುದ್ದೆ ಎಷ್ಟು ಗಾತ್ರ ಅನ್ನುವುದನ್ನು ಡಯಟೀಶಿಯನ್ ಹೇಳಲಿ ಅಂತ ಬಿಟ್ಟೆ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರೊಟೀನ್ ಲೆಕ್ಕ ಬೇರೆ, ಅದನ್ನು ಡಾಕ್ಟರೇ ಹೇಳಬೇಕು.

ನಾನು ಪಟ್ಟುಹಿಡಿದ ಸಲಹೆ ಮಾತ್ರ ಕೊನೆಯದು. ಅವರಿಗೆ ದಿನವೂ ಮಾಡುವಂಥ ಒಂದು ಕೆಲಸ ಕೊಡಿ, ಅದು ಅವರದೇ ಆಗಿರಲಿ. ಇದನ್ನು ಬರೆಯುವಾಗ ನನಗೂ ಸ್ವಲ್ಪ ಅಳುಕು. ಯಾಕೆಂದರೆ ಇನ್ನು ಕೆಲವು ಮನೆಗಳಲ್ಲಿ ಎಪ್ಪತ್ತರ ಅಜ್ಜಿಯೇ ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟಿ, ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಸವಳಿಯುತ್ತಾರೆ. ಅಂಥ ಮನೆಯವರು ಇದನ್ನು ತಮ್ಮ ಪರವಾಗಿ ಓದಿಕೊಳ್ಳಬೇಡಿ. ಅಲ್ಲಿ ನಾನು ಕೊಡುವ ಸಲಹೆ ಇದಕ್ಕೆ ಪೂರ್ತಿ ಉಲ್ಟಾ.

ಮಗನಿಗೂ ಒಂದು ಮಾತು ಹೇಳಬೇಕಾಯಿತು. ಅವರ ಸಕ್ಕರೆಯೇ ಗಡಿಯಲ್ಲಿತ್ತು, ಸೊಸೆ ಬಾಯಿಬಿಟ್ಟರು. ಅದಕ್ಕೆ ಫೈಲು ಇರಲಿಲ್ಲ! ಚೆನ್ನೈನ ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಗಡಿಯಲ್ಲಿದ್ದ ನಮ್ಮ ದೇಶದವರೇ ಊಟ ಮತ್ತು ನಡಿಗೆ ಸರಿಮಾಡಿಕೊಂಡಾಗ ಸಕ್ಕರೆ ಕಾಯಿಲೆಗೆ ತಿರುಗುವ ಅಪಾಯ 28.5 ಶೇಕಡಾ ತಗ್ಗಿತ್ತು. ಅಮ್ಮನ ಜೊತೆ ನೀವೂ ಕುರ್ಚಿಯಿಂದ ಎದ್ದು ಕೂರಿ ಎಂದೆ. ನಗಲಿಲ್ಲ.

ಕೆಲವು ತಿಂಗಳಾದ ಮೇಲೆ ಸೊಸೆ ಫೋನ್ ಮಾಡಿದ್ದರು. ಅತ್ತೆ ರಾತ್ರಿ ಮುದ್ದೆ, ಕಾಳುಸಾರು ಊಟ ಮಾಡುತ್ತಿದ್ದಾರೆ. ಕುರ್ಚಿಯಿಂದ ತಾವೇ ಏಳುತ್ತಾರೆ, ತರಕಾರಿ ಗಾಡಿಯವನ ಜೊತೆ ಚೌಕಾಸಿ ಈಗ ಅವರದೇ ಖಾತೆ. ಸಕ್ಕರೆ ಮೊದಲಿಗಿಂತ ಸ್ವಲ್ಪ ಮೇಲಿದೆ. ಈ ವಯಸ್ಸಿಗೆ ಅಷ್ಟು ಪರವಾಗಿಲ್ಲ, ತೀರಾ ಇಳಿಯೋದೇ ಅಪಾಯ ಅಂತ ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ಆದರೆ ಫೈಲಿನಲ್ಲಿ ಆ ಅಂಕಿ ಬರೆಯುವಾಗಲೆಲ್ಲ ಮಗ ನನ್ನ ಹೆಸರು ಹೇಳಿ ಗೊಣಗುತ್ತಾರಂತೆ.