ಸರ್ಟಿಫಿಕೇಟ್ ಬಂತು, ಪ್ರಾಜೆಕ್ಟ್ ಮಾತ್ರ ಆಗಲಿಲ್ಲ

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠ ಮಾಡುತ್ತೇನೆ. ನಮ್ಮ ಹುಡುಗರಲ್ಲಿ ತುಂಬಾ ಜನ ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟೆಲ್‌ನಲ್ಲಿ ಇದೇ ವಿಷಯದ 12 ವಾರದ ಕೋರ್ಸ್ ಮುಗಿಸಿದ್ದಾರೆ. ವಾಟರ್‌ಫಾಲ್ (ಒಂದು ಹಂತ ಮುಗಿಸಿಯೇ ಮುಂದಿನದಕ್ಕೆ ಹೋಗುವ ರೀತಿ) ಅಂದರೇನು, ಅಜೈಲ್ (ಸ್ವಲ್ಪ ಸ್ವಲ್ಪ ಮಾಡಿ ತೋರಿಸಿ ತಿದ್ದುತ್ತಾ ಹೋಗುವ ರೀತಿ) ಅಂದರೇನು ಅಂತ ಕೇಳಿದರೆ ಪಟಪಟ ಹೇಳುತ್ತಾರೆ. ನಾಲ್ಕು ಜನ ಸೇರಿ ಪ್ರಾಜೆಕ್ಟ್ ಮಾಡಿ ಅಂದರೆ ಒಬ್ಬ ಕೋಡ್ ಬರೆಯುತ್ತಾನೆ, ಮೂವರು ಪಿಪಿಟಿ ಮಾಡುತ್ತಾರೆ. ಆನ್‌ಲೈನ್ ಕೋರ್ಸ್‌ನಿಂದ ಈ ವಿಷಯ ಕಲಿಸೋಕೆ ಆಗಲ್ವಾ?
– ಉಪನ್ಯಾಸಕಿ, ದಾವಣಗೆರೆ

ಉತ್ತರ: ಅರ್ಧ ಕಲಿಸಬಹುದು ಮೇಡಂ. ಆ ಅರ್ಧವನ್ನು ಐಐಟಿ ಮೇಷ್ಟ್ರು ಚೆನ್ನಾಗಿಯೇ ಕಲಿಸುತ್ತಾರೆ. ಉಳಿದದ್ದು ನಿಮ್ಮ ಲ್ಯಾಬಿನಲ್ಲೇ ಆಗಬೇಕು.

ಒಬ್ಬರೇ ಬರೆದು, ಒಂದು ಸಲ ಓಡಿಸಿ, ಮಾರ್ಕ್ಸ್ ತಗೊಂಡು ಮರೆತುಬಿಡುವ ಕೋಡಿಗೆ ನಿಮ್ಮ ವಿಷಯವೇ ಬೇಕಿಲ್ಲ. ಬೇರೆಯವರು ಬರೆದದ್ದನ್ನು ತಿದ್ದಬೇಕಾದಾಗ, ಅರ್ಧ ಕೆಲಸ ಆದ ಮೇಲೆ ಗಿರಾಕಿ ಬೇರೇನೋ ಕೇಳಿದಾಗ ಅದರ ಬೆಲೆ ಗೊತ್ತಾಗುತ್ತದೆ. ವಿಡಿಯೋ ಇದನ್ನು ಹೇಳಬಲ್ಲದು, ಅನುಭವಕ್ಕೆ ತರಲಾರದು. ವಾರದ ಅಸೈನ್‌ಮೆಂಟ್‌ಗಳಲ್ಲಿ ಬಹುಪಾಲು ಬರುವುದೂ ಸರಿ ಉತ್ತರ ಆರಿಸುವ ಪ್ರಶ್ನೆಗಳೇ ಅಲ್ವಾ?

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೂ ಹೀಗೇ ಆಗಿದೆ. ಅಲ್ಲಿನ ಅರ್ಮಾಂಡೊ ಫಾಕ್ಸ್ ಮತ್ತು ಡೇವಿಡ್ ಪ್ಯಾಟರ್ಸನ್ ತಮ್ಮ ಸಾಫ್ಟ್‌ವೇರ್ ಇಂಜಿನಿಯರಿಂಗ್ ಪಾಠವನ್ನು 2012ರಲ್ಲಿ ಕೋರ್ಸೆರಾ ಅನ್ನುವ ಆನ್‌ಲೈನ್ ಕೋರ್ಸ್ ತಾಣದಲ್ಲಿ ಎಲ್ಲರಿಗೂ ತೆರೆದರು. ಸಾವಿರಾರು ಜನರ ಕೋಡನ್ನು ಯಂತ್ರವೇ ಪರೀಕ್ಷಿಸಿ ಅಂಕ ಕೊಡುವ ಆಟೋಗ್ರೇಡರ್ ಕಟ್ಟಿದರು. ಆದರೆ ನಿಜವಾದ ಗಿರಾಕಿಯ ಜೊತೆ ಕೂತು ಮಾಡುವ ತಂಡದ ಪ್ರಾಜೆಕ್ಟ್ ಕ್ಯಾಂಪಸ್ ವಿದ್ಯಾರ್ಥಿಗಳಿಗೆ ಮಾತ್ರ ಉಳಿಯಿತು. ಮುಂದೆ ಫಾಕ್ಸ್ ಅವರೇ, ಆನ್‌ಲೈನ್ ಸಾಮಗ್ರಿಯನ್ನು ಚಿಕ್ಕ ತರಗತಿಯ ಮೇಷ್ಟ್ರು ತಮ್ಮ ಪಾಠದ ಜೊತೆ ಬಳಸಿಕೊಳ್ಳಲಿ ಅಂತ ವಾದಿಸಿದರು. ನಿಮಗೂ ಅದೇ ದಾರಿ.

ವಿಡಿಯೋ ಮನೆಯಲ್ಲಿ ನೋಡಲಿ. ಅದನ್ನೇ ಮತ್ತೆ ಬೋರ್ಡ್ ಮೇಲೆ ಬರೆಯಬೇಡಿ. ಉಳಿದ ಪೀರಿಯಡ್‌ಗಳಿಗೆ ಒಂದು ಸಣ್ಣ ಕೆಲಸ ಆರಿಸಿ, ಹಾಸ್ಟೆಲ್ ಮೆಸ್ ಬಿಲ್ ಇರಲಿ. ದಿನಕ್ಕೆ ಇಷ್ಟು ರೂಪಾಯಿ, ತಿಂಗಳ ಕೊನೆಗೆ ಬಿಲ್, ಅಷ್ಟೇ. ಎಲ್ಲ ತಂಡಕ್ಕೂ ಇದನ್ನೇ ಕೊಡಿ. ಸೆಮಿಸ್ಟರ್ ಮಧ್ಯದಲ್ಲಿ ಒಂದು ದಿನ, "ಮೂರು ದಿನಕ್ಕಿಂತ ಜಾಸ್ತಿ ಊರಿಗೆ ಹೋದವರಿಗೆ ರಿಯಾಯಿತಿ ಕೊಡಬೇಕಂತೆ, ವಾರ್ಡನ್ ಹೇಳಿದ್ದಾರೆ" ಅನ್ನಿ. ದಿನದ ದರವನ್ನು ಕೋಡಿನ ಎಂಟು ಕಡೆ ನೇರವಾಗಿ ಬರೆದಿಟ್ಟವರು ಎಂಟೂ ಕಡೆ ತಿದ್ದಬೇಕು, ಅವರ ಮುಖ ಆಗ ನೋಡಬೇಕು! ಎರಡು ವಾರ ಬಿಟ್ಟು ತಂಡಗಳ ಕೋಡನ್ನು ಅದಲುಬದಲು ಮಾಡಿ. ಈ ತಂಡದ ಬಗ್ ಆ ತಂಡ ಸರಿಮಾಡಲಿ. "ಯಾರ್ ಸಾರ್ ಇದನ್ನ ಬರೆದಿದ್ದು?" ಅಂತ ಗಲಾಟೆ ಏಳುತ್ತದೆ. ಏಳಲಿ. ವೇರಿಯೇಬಲ್‌ಗೆ ಒಳ್ಳೆ ಹೆಸರು ಯಾಕೆ, ಟೆಸ್ಟ್ ಯಾಕೆ ಅನ್ನುವುದಕ್ಕೆ ಆಮೇಲೆ ಪ್ರತ್ಯೇಕ ಪಾಠ ಬೇಕಾಗುವುದಿಲ್ಲ.

ಕೋಡಿನಲ್ಲಿ ಯಾರು ಏನು ಬದಲಿಸಿದರು ಅಂತ ದಾಖಲಿಸಿಡುವ ಗಿಟ್ ಮೊದಲ ವಾರದಿಂದಲೇ ಇರಲಿ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿ ಮರ್ಜ್ ಮಾಡುವಂತೆ, ಅಂದರೆ ಎರಡನ್ನೂ ಒಂದುಗೂಡಿಸುವಂತೆ, ಬೇಕಂತಲೇ ಹೇಳಿ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಗಿಟ್‌ಗೆ ಗೊತ್ತಾಗುವುದಿಲ್ಲ. ಫೈಲಿನ ನಡುವೆ ಏಳು ಎಡಬಾಣ, ಕೆಳಗೆ ಏಳು ಸಮ ಚಿಹ್ನೆ, ಅದರ ಕೆಳಗೆ ಏಳು ಬಲಬಾಣ ಬಂದು ಕೂರುತ್ತವೆ. ಮೊದಲ ಸಲ ನೋಡಿದವರು ಹೆದರಿ ಇಡೀ ಫೋಲ್ಡರ್ ಅಳಿಸಿ ಮತ್ತೆ ಡೌನ್‌ಲೋಡ್ ಮಾಡುತ್ತಾರೆ. ಮೇಲಿನದು ನಿನ್ನದು, ಕೆಳಗಿನದು ಅವನದು, ಇಬ್ಬರೂ ಕೂತು ಯಾವುದು ಬೇಕು ತೀರ್ಮಾನಿಸಿ ಆ ಗುರುತು ತೆಗೀರಿ ಅಂತ ಪಕ್ಕದಲ್ಲಿ ನಿಂತು ತೋರಿಸಿ. ಹತ್ತು ನಿಮಿಷದ ಕೆಲಸ.

ಇನ್ನು ಆ ಪಿಪಿಟಿ ಮೂವರು. ಕಮಿಟ್ (ಗಿಟ್‌ನಲ್ಲಿ ಒಂದೊಂದು ಸಲ ದಾಖಲಿಸಿದ ಬದಲಾವಣೆ) ಎಣಿಸಿ ಮಾರ್ಕ್ಸ್ ಕೊಡಬೇಡಿ. ಖಾಲಿ ಜಾಗ ಸೇರಿಸಿ ಇಪ್ಪತ್ತು ಕಮಿಟ್ ಮಾಡುವ ಜಾಣರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ವೈವಾದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ತಂಡದ ಕೋಡಿನಲ್ಲಿ ಒಂದು ಸಣ್ಣ ಬದಲಾವಣೆ ಕೇಳಿ. ಬಿಲ್ಲಿನಲ್ಲಿ ತಾರೀಖು ಮೊದಲು ಬರಲಿ, ಅಷ್ಟು ಸಣ್ಣದು ಸಾಕು. ಎಲ್ಲಿ ತಿದ್ದಬೇಕು ಅಂತ ಹುಡುಕುವ ರೀತಿಯಲ್ಲೇ ಗೊತ್ತಾಗುತ್ತದೆ. ಚಾಟ್‌ಜಿಪಿಟಿಯಿಂದ ಬರೆಸಿಕೊಂಡವರೂ ಇಲ್ಲೇ ಸಿಕ್ಕಿಬೀಳುತ್ತಾರೆ. ಬರೆಸಿಕೊಂಡು ಅರ್ಥ ಮಾಡಿಕೊಂಡವರು ಪಾಸಾಗುತ್ತಾರೆ, ನನ್ನ ಮಟ್ಟಿಗೆ ಅದು ಸರಿಯೇ.

ಪ್ರಶ್ನೆ: ಈ ಕೋರ್ಸ್ ಮಾಡಿದರೆ ಕಾಲೇಜಿನ ಸಬ್ಜೆಕ್ಟ್ ಬದಲಿಗೆ ಕ್ರೆಡಿಟ್ ಸಿಗುತ್ತಾ ಸಾರ್?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಸಿಗಬಹುದು. ಸ್ವಯಂ (ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ, ಎನ್‌ಪಿಟೆಲ್ ಕೋರ್ಸ್‌ಗಳೂ ಇದರಲ್ಲಿವೆ) ಮೂಲಕ ಮಾಡಿದ ಕೋರ್ಸ್‌ಗಳಿಂದ ಒಂದು ಸೆಮಿಸ್ಟರಿನ ಶೇ 40ರವರೆಗೆ ಪಾಠಗಳಿಗೆ ಅವಕಾಶ ಕೊಡಬಹುದು ಅಂತ ಯುಜಿಸಿ 2021ರಲ್ಲೇ ಹೇಳಿದೆ. ಆದರೆ ಯಾವ ಕೋರ್ಸ್ ಯಾವ ಸಬ್ಜೆಕ್ಟಿಗೆ ಸಮ ಅಂತ ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಹಾಗಾಗಿ ಸೇರುವ ಮೊದಲೇ ಎಚ್‌ಒಡಿ ಹತ್ತಿರ ಕೇಳಿ, ಸರ್ಟಿಫಿಕೇಟ್ ಹಿಡಿದುಕೊಂಡು ಹೋಗಿ ಕೇಳಬೇಡಿ. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಪರೀಕ್ಷೆ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಅಸೈನ್‌ಮೆಂಟ್ ಉತ್ತರ ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕರೂ ಆ 75 ಅಲ್ಲಿ ಸಿಗಲ್ಲ.

ಪ್ರಶ್ನೆ: ನಮ್ಮ ತಂಡದಲ್ಲಿ ನಾಲ್ವರಿಗೆ ಒಂದೇ ಲ್ಯಾಪ್‌ಟಾಪ್. ಹಾಸ್ಟೆಲ್‌ನಲ್ಲಿ ನೆಟ್ ಕೂಡ ಸರಿಯಿಲ್ಲ. ಏನು ಮಾಡೋದು?
– ವಿದ್ಯಾರ್ಥಿನಿ, ಹಾಸನ

ಉತ್ತರ: ಇಬ್ಬಿಬ್ಬರು ಕೂತುಕೊಳ್ಳಿ. ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ನೋಡಿ ಹೇಳಲಿ, ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ. ಕಂಪನಿಗಳಲ್ಲಿ ಲ್ಯಾಪ್‌ಟಾಪ್ ಬೇಕಾದಷ್ಟಿದ್ದರೂ ಹೀಗೆ ಮಾಡುವವರಿದ್ದಾರೆ, ಪೇರ್ ಪ್ರೋಗ್ರಾಮಿಂಗ್ ಅನ್ನುತ್ತಾರೆ. ಆ ಹೊತ್ತಿಗೆ ಉಳಿದಿಬ್ಬರು ಪೇಪರ್ ಮೇಲೆ ಟೆಸ್ಟ್ ಕೇಸ್ (ಏನು ಕೊಟ್ಟರೆ ಏನು ಉತ್ತರ ಬರಬೇಕು ಅನ್ನುವ ಪಟ್ಟಿ) ಬರೆಯಲಿ. ವಿಡಿಯೋಗಳನ್ನು ಕಾಲೇಜಿನ ವೈಫೈನಲ್ಲಿ ಇಳಿಸಿಟ್ಟುಕೊಳ್ಳಿ. ಗಿಟ್‌ನಲ್ಲಿ ಕಮಿಟ್ ಮಾಡಲು ನೆಟ್ ಬೇಕಿಲ್ಲ. ರಾತ್ರಿ ಮಾಡಿದ್ದನ್ನು ಬೆಳಗ್ಗೆ ಲ್ಯಾಬಿನಲ್ಲಿ ಪುಶ್ ಮಾಡಿದರೆ, ಅಂದರೆ ನೆಟ್ ಮೂಲಕ ತಂಡದ ಕೋಡಿಗೆ ಸೇರಿಸಿದರೆ, ಆಯಿತು.