ತಮ್ಮ ಪಾಡಿಗೆ ತಾವಿದ್ದವರಿಗೆ ಏನೂ ಆಗಲಿಲ್ಲವಾ?

ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯ ಇಟಲಿ ಬಗ್ಗೆ ಮತ್ತೆ ಅವೇ ಪ್ರಶ್ನೆಗಳು ಬಂದಿವೆ. ಆತ ಯಾರು, ಹೇಗೆ ಬಂದ ಅಂತ ಮೊದಲಿಂದ ಹೇಳುತ್ತ ಕೂರುವುದಿಲ್ಲ.

ಪ್ರಶ್ನೆ: ರಾಜಕೀಯದ ತಂಟೆಗೆ ಹೋಗದೆ ತಮ್ಮ ಪಾಡಿಗೆ ತಾವಿದ್ದವರಿಗೆ ಅಲ್ಲಿ ಏನೂ ತೊಂದರೆ ಇರಲಿಲ್ಲವಂತೆ. ನಿಜವೇ?

ಉತ್ತರ: ಸುಮ್ನೆ ಇರೋಕೆ ಯಾರು ಬಿಟ್ಟರು? ಮದುವೆ ಬೇಡ ಅಂದರೆ, 1927ರಿಂದ 25 ದಾಟಿದ ಗಂಡಸಿಗೆ ಬ್ರಹ್ಮಚಾರಿ ತೆರಿಗೆ. 1930ರ ದಶಕದಲ್ಲಿ ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಲು ಅವನ ಫ್ಯಾಸಿಸ್ಟ್ ಪಾರ್ಟಿಯ ಸದಸ್ಯತ್ವದ ಕಾರ್ಡು ಬೇಕು. ಜನ ಅದಕ್ಕೆ 'ರೊಟ್ಟಿ ಕಾರ್ಡು' ಅನ್ನುತ್ತಿದ್ದರು. ಪಾರ್ಟಿ ಹೆಸರಿನ ಮೂರಕ್ಷರ ಪಿಎನ್‌ಎಫ್. ಅದೇ ಮೂರಕ್ಷರವನ್ನು ತಮ್ಮ ಭಾಷೆಯಲ್ಲಿ 'ಪೆರ್ ನೆಚೆಸಿತಾ ಫಮಿಲಿಯಾರೆ', ಅಂದರೆ 'ಸಂಸಾರದ ತಾಪತ್ರಯಕ್ಕೆ' ಅಂತ ಬಿಡಿಸಿಕೊಂಡು ನಗುತ್ತಿದ್ದರು. ಮೆತ್ತಗೆ. ಯಾಕಂದರೆ ಹೆಂಡದಂಗಡಿಯಲ್ಲಿ ಆಡಿದ ಒಂದು ಮಾತಿಗೂ, ಕೋರ್ಟಿನ ಮೆಟ್ಟಿಲು ಹತ್ತಿಸದೆಯೇ, ಐದು ವರ್ಷದವರೆಗೆ ದ್ವೀಪಕ್ಕೋ ದಕ್ಷಿಣದ ಯಾವುದೋ ಕುಗ್ರಾಮಕ್ಕೋ ಅಟ್ಟಬಹುದಿತ್ತು.

ಉಂಗುರದ ಕತೆ ಕೇಳಿ. ಇಥಿಯೋಪಿಯಾ ಮೇಲೆ ಯುದ್ಧ ನಡೆಯುತ್ತಿತ್ತು. 1935ರ ಡಿಸೆಂಬರ್ 18ರಂದು ರಾಣಿ ಎಲೆನಾ ರೋಮ್‌ನಲ್ಲಿ ತಮ್ಮ ಮದುವೆಯುಂಗುರ ದೇಶಕ್ಕೆ ಕೊಟ್ಟರು. ಹೆಂಗಸರು ಸಾಲುಗಟ್ಟಿ ಚಿನ್ನ ಕಳಚಿದರು. ಬದಲಿಗೆ ಸಿಕ್ಕಿದ್ದು ಕಬ್ಬಿಣದ ಉಂಗುರ. ನಮ್ಮಲ್ಲಿ ತಾಳಿ ಬಿಚ್ಚಿಕೊಡಿ ಅಂದ ಹಾಗೆ. ಹೆಮ್ಮೆಯಿಂದ ಕೊಟ್ಟವರೂ ಇದ್ದರು, ಸುಳ್ಳಲ್ಲ. ಆದರೆ ಮಾರನೇ ದಿನ ತರಕಾರಿ ಕೊಳ್ಳೋಕೆ ಕೈ ಚಾಚಿದಾಗ ಬೆರಳಲ್ಲಿ ಚಿನ್ನವೇ ಇದ್ದರೆ? ಇಡೀ ಬೀದಿಗೆ ಗೊತ್ತಾಗುತ್ತದೆ. ಅದಕ್ಕೆ ಪೊಲೀಸು ಬೇಕಾಗಿಲ್ಲ.

ಬಾಯನ್ನೂ ಬಿಡಲಿಲ್ಲ. 1938ರಲ್ಲಿ ಮರ್ಯಾದೆಯ 'ಲೇಯಿ' ಬಿಟ್ಟು 'ವೋಯಿ' ಅನ್ನಿ ಅಂತ ಅಪ್ಪಣೆಯಾಯಿತು. 'ತಾವು' ಬೇಡ, 'ನೀವು' ಅನ್ನಿ ಅಂದಂತೆ. ದಕ್ಷಿಣದವರು ಮೊದಲಿಂದಲೂ 'ವೋಯಿ' ಅನ್ನುತ್ತಿದ್ದರು ಬಿಡಿ, ಅವರಿಗೇನೂ ಅನ್ನಿಸಿರಲಿಕ್ಕಿಲ್ಲ.

ಪ್ರಶ್ನೆ: ರೈಲುಗಳು ಸರಿಯಾದ ಸಮಯಕ್ಕೆ ಓಡಿದ್ದು ಅವನ ಕಾಲದಲ್ಲೇ ಅಲ್ವಾ?

ಉತ್ತರ: ರೈಲ್ವೆ ದುರಸ್ತಿಯ ಎಷ್ಟೋ ಕೆಲಸ ಅವನು ಬರುವ ಮುಂಚೆಯೇ ಶುರುವಾಗಿತ್ತು. ವಾಟ್ಸಾಪ್ ಪಂಡಿತರನ್ನು ಬ್ಲಾಕ್ ಮಾಡಿ.

ಪ್ರಶ್ನೆ: ಓದಿದವರಾದರೂ ಎದುರು ನಿಲ್ಲಲಿಲ್ಲವೇ?

ಉತ್ತರ: 1931ರಲ್ಲಿ ಪ್ರಾಧ್ಯಾಪಕರಿಗೆ ನಿಷ್ಠೆಯ ಪ್ರಮಾಣ ಮಾಡಿ ಅಂದರು. ಸುಮಾರು 1,200 ಜನರಲ್ಲಿ ಆಗಲ್ಲ ಅಂದವರು ಹನ್ನೆರಡರ ಆಸುಪಾಸು. ನೀವಾಗಿದ್ದರೆ ಏನು ಮಾಡ್ತಿದ್ದಿರಿ ಮೇಷ್ಟ್ರೇ ಅಂತ ಒಬ್ಬರು ಕೆಳಗೆ ಸೇರಿಸಿದ್ದಾರೆ. ತಿಂಗಳ ಸಂಬಳ ನಂಬಿ ಮೂವರು ಮಕ್ಕಳನ್ನು ಓದಿಸಿದವನು ನಾನು. ಅದನ್ನು ಮಾತ್ರ ಕೇಳಬೇಡಿ.